ಬಿಟ್ಟುಕೊಟ್ಟ ಪಾಯಿಂಟು

ಇವತ್ತು ಬೆಳಿಗ್ಗೆ ಹಾಸನದ ನಮ್ಮ ಬಡಾವಣೆಯ ಮೈದಾನದಲ್ಲಿ ನಾನು ಹೊಡೆದ ಶಟಲ್ ಗೆರೆಯಿಂದ ಒಂದು ಗೇಣು ಆಚೆ ಬಿತ್ತು. ಎದುರು ಆಡುತ್ತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಂಜುನಾಥ ಅದನ್ನೂ ನೋಡಿದ, ನನ್ನ ನರೆತ ತಲೆಯನ್ನೂ ನೋಡಿದ, "ಇನ್ ಸಾ" ಎಂದ. ನಿವೃತ್ತನಾದ ಮೇಲೆ ಇಷ್ಟು ಮರ್ಯಾದೆ ಮನೆಯಲ್ಲಂತೂ ಸಿಕ್ಕಿಲ್ಲ. ಹಿಗ್ಗುತ್ತಲೇ ಶಟಲ್ ಎತ್ತಿಕೊಳ್ಳಲು ಬಗ್ಗಿದೆ. ಆಗಷ್ಟೇ ಎಳೆದಿದ್ದ ಸುಣ್ಣದ ಗೆರೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಚನ್ನರಾಯಪಟ್ಟಣದ ಆ ಸಂಜೆ ಕಣ್ಣ ಮುಂದೆ ಬಂತು.

ನಮ್ಮಕ್ಕನ ಮಗ ರುದ್ರೇಶ ರಾಮನಾಥಪುರದವನು. ಅರಕಲಗೂಡಿನ ತಂಡಕ್ಕೆ ಸಂಬಳದ ಮೇಲೆ ವಾಲಿಬಾಲ್ ಆಡುತ್ತಿದ್ದ. ಅವನ ಬ್ಯಾಗು ಹೊರುವುದು, ನೀರಿನ ಬಾಟಲಿ ಕಾಯುವುದು ನನ್ನ ಕೆಲಸ. ಕ್ರೀಡೆಯಲ್ಲಿ ನನ್ನ ಯೋಗ್ಯತೆ ಅಷ್ಟೇ. ಚನ್ನರಾಯಪಟ್ಟಣದ ಫೈನಲ್ ನೋಡಲು ದೊಡ್ಡ ಲೀಗಿನ ಕೋಚ್ ಒಬ್ಬರು ಬಂದಿದ್ದರು. ಗೆದ್ದ ತಂಡದಿಂದ ಒಬ್ಬನನ್ನು ಆರಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ರುದ್ರೇಶನಿಗೆ ವಯಸ್ಸು ಮೀರುತ್ತಿತ್ತು. ಅವನಿಗೆ ಅದೇ ಕೊನೆಯ ಅವಕಾಶ.

ಎದುರಾಳಿ ಹೊಳೆನರಸೀಪುರ. ಕೊನೆಯ ಸೆಟ್ಟಿನಲ್ಲಿ ನಮಗೆ ಇನ್ನೊಂದೇ ಪಾಯಿಂಟ್ ಬೇಕಿತ್ತು. ಅವರ ಕ್ಯಾಪ್ಟನ್ ಚೇತನ್ ಹೊಡೆದ ಚೆಂಡು ರುದ್ರೇಶನ ತಲೆಯ ಮೇಲೆ ಹಾರಿ ಹೊರಗೆ ಬಿತ್ತು. ಅಂಪೈರ್ ಸೀಟಿ ಊದಿದರು. ನಾವೆಲ್ಲ ಕುಣಿಯುತ್ತಾ ಅಂಗಳಕ್ಕೆ ನುಗ್ಗಿದೆವು. ರುದ್ರೇಶ ಮಾತ್ರ ಕೈ ಎತ್ತಿ ನಿಂತಿದ್ದ. ಚೆಂಡು ತನ್ನ ಬೆರಳಿಗೆ ಸವರಿಕೊಂಡು ಹೋಯಿತು ಎನ್ನುತ್ತಿದ್ದ. ಯಾರೂ ಕಂಡಿರಲಿಲ್ಲ. ಕೈಗೆ ತಾಗಿ ಹೊರಗೆ ಹೋದದ್ದರಿಂದ ಪಾಯಿಂಟ್ ಅವರ ಪಾಲಾಯಿತು, ಆಟ ಸಮವಾಯಿತು. ಇನ್ನು ಗೆಲ್ಲಬೇಕಾದರೆ ಎರಡು ಪಾಯಿಂಟ್ ಮುಂದಿರಬೇಕು. ನನಗೆ ಅವನ ಬ್ಯಾಗನ್ನು ಅಲ್ಲೇ ಎಸೆದು ಬಸ್ಸು ಹತ್ತಿಬಿಡಬೇಕು ಅನ್ನಿಸಿತು.

ಕಥೆ ಇಷ್ಟೇ ಆಗಿದ್ದರೆ ನಿಮಗೆ ಹೇಳುತ್ತಿರಲಿಲ್ಲ. ಪ್ರಾಮಾಣಿಕರು ನಮ್ಮ ಕಡೆ ಇನ್ನೂ ಸಿಗುತ್ತಾರೆ. ಮುಂದಿನ ಸರ್ವ್ ಚೇತನನದು. ಅವನಿಗೂ ಮನಸ್ಸು ಕರಗಿತ್ತೋ ಏನೋ, ಚೆಂಡನ್ನು ಮೆಲ್ಲಗೆ ನೇರವಾಗಿ ನೆಟ್ಟಿಗೆ ಹೊಡೆದ. ನೋಡುತ್ತಿದ್ದವರಿಗೆಲ್ಲ ಅರ್ಥವಾಯಿತು, ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕಣ್ಣೊರೆಸಿಕೊಂಡೆ ಕೂಡ. ಮತ್ತೆ ನಮಗೆ ಒಂದೇ ಪಾಯಿಂಟ್ ಬಾಕಿ.

ರುದ್ರೇಶನ ಮುಖ ಮಾತ್ರ ಕೆಂಪಾಗಿತ್ತು. ಚೆಂಡು ಹಿಡಿದು ನೆಟ್ಟಿನ ಹತ್ತಿರ ಬಂದ. ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಪ್ರತಿ ಮಾತೂ ಕೇಳಿಸಿತು.

"ಬೇಕೂಂತ್ಲೇ ನೆಟ್ಟಿಗೆ ಒಡ್ದಲ್ಲಾ. ನಾನು ಮುಚ್ಚಿಟ್ಟಿದ್ರೆ ಎಂಗೆ ಮೋಸವೋ, ನೀನು ಬುಟ್ಕೊಟ್ರೆ ಅದೂ ಅಂಗೇ ಮೋಸ ಕಣ್ಲಾ. ಸರಿಯಾಗ್ ಆಡು."

ಚೇತನ್ ತಲೆ ತಗ್ಗಿಸಿ, "ಆಯ್ತು ಕಣಣ್ಣ" ಎಂದ.

ರುದ್ರೇಶ ಮೈಯ ಬಲವೆಲ್ಲ ಹಾಕಿ ಸರ್ವ್ ಮಾಡಿದ. ಅವರು ಎತ್ತಿದರು. ಅಲ್ಲಿಂದ ಮುಂದೆ ಚೇತನ್ ಆಡಿದ ಆಟವನ್ನು ಹೇಗೆ ಹೇಳಲಿ? ಒಂದಾದ ಮೇಲೊಂದು ಪಾಯಿಂಟ್ ಅವರಿಗೇ ಹೋಯಿತು, ಎರಡೂ ಕಡೆಯ ಜನ ಕೂಗುವುದನ್ನೇ ಮರೆತಿದ್ದರು. ಕೊನೆಯ ಹೊಡೆತಕ್ಕೆ ರುದ್ರೇಶ ನೆಲಕ್ಕೆ ಹಾರಿ ಬಿದ್ದರೂ ಚೆಂಡು ಕೈಗೆ ಎಟುಕಲಿಲ್ಲ. ಸೋತೆವು. ಕೋಚ್ ಚೇತನನನ್ನು ಕರೆದುಕೊಂಡು ಹೋದರು.

ಹಾಸನದ ಬಸ್ಸಿನಲ್ಲಿ ನಾನು ತಡೆಯಲಾರದೆ, ಚೇತನ್ ಕೊಟ್ಟದ್ದನ್ನಾದರೂ ಸುಮ್ಮನೆ ಇಟ್ಟುಕೊಳ್ಳಬಾರದಿತ್ತೇ ಎಂದೆ. ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತಾ ರುದ್ರೇಶ ನಕ್ಕ.

"ಅವನ ಕೊನೇ ಒಡ್ತ ನೋಡ್ದಾ ಮಾವ? ಅಂಥದ್ದು ನನ್ ಜೀವಮಾನ್ದಲ್ಲೇ ನೋಡಿರ್ಲಿಲ್ಲ. ಕನಿಕರ ತೋರ್ಸಿದ್ರೆ ಅದು ನಂಗೆ ಸಿಕ್ತಿತ್ತಾ?"

ಸೋತವನ ಮುಖದಲ್ಲಿ ಅಂಥ ಬೆರಗು ನಾನು ಬೇರೆಲ್ಲೂ ಕಂಡಿಲ್ಲ. ಈಗ ಅವನು ಊರಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ. ಟೀವಿಯಲ್ಲಿ ಚೇತನ್ ಆಡುವಾಗ ಮನೆಯವರು ಯಾರೂ ಮಾತಾಡುವಂತಿಲ್ಲ.

ಶಟಲ್ ಕೈಯಲ್ಲೇ ಇತ್ತು. ಮಂಜುನಾಥ ಕಾಯುತ್ತಿದ್ದ. "ಅದು ಔಟ್ ಕಣಪ್ಪ, ನಿನಗೂ ಗೊತ್ತು" ಎಂದು ಶಟಲನ್ನು ಅವನ ಕಡೆ ಎಸೆದೆ. ಅವನು ಮೊದಲ ಬಾರಿಗೆ ಸ್ವೆಟರ್ ಬಿಚ್ಚಿಟ್ಟ. ಎರಡನೇ ಹೊಡೆತ ನೇರ ನನ್ನ ಎದೆಗೇ ಬಂದು ಬಡಿಯಿತು. ಎದೆ ಉಜ್ಜಿಕೊಳ್ಳುತ್ತಾ ನಕ್ಕೆ. ಇಷ್ಟು ದಿನ ಅವನು ನನ್ನನ್ನು ಆಡಿಸುತ್ತಿದ್ದ. ಇವತ್ತು ನನ್ನ ಜೊತೆ ಆಡಿದ.