ಲೋವರ್ ಡಿವಿಜನ್ನಿನ ಗೋಲ್‌ಕೀಪರ್

ನಮ್ಮ ಮನೆಯಲ್ಲಿ ಲೋವರ್ ಡಿವಿಜನ್ ಎಂದರೆ ಅಪ್ಪ. ನಾಗಪುರದಲ್ಲಿ ದಿಲ್ಲಿ ಸರ್ಕಾರದ ಒಂದು ಆಫೀಸಿನಲ್ಲಿ ಲೋವರ್ ಡಿವಿಜನ್ ಗುಮಾಸ್ತರಾಗಿದ್ದ ಅವರು ಅಪ್ಪರ್ ಡಿವಿಜನ್ನಿನ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದಿದ್ದರು. ಊಟಕ್ಕೆ ಕೂತಾಗ ಆ ಮಾತನ್ನು ಯಾರೂ ಎತ್ತುವಂತಿರಲಿಲ್ಲ. ಹಾಗಾಗಿ ಐವತ್ತರ ದಶಕದ ಒಂದು ಬೇಸಿಗೆಯಲ್ಲಿ, ಇಟಲಿಯಿಂದ ಬಂದ ಕಾಗದವನ್ನು ಓದಿ ಹೇಳುತ್ತಿದ್ದ ಪಾದ್ರಿಗಳು ನಡುವೆ "ಲೋವರ್ ಡಿವಿಜನ್" ಎಂದಾಗ ಅಪ್ಪ, ಕಾಕಾ, ನಾನು ಮೂವರೂ ಮುಖ ಮುಖ ನೋಡಿಕೊಂಡೆವು.

ಕಾಗದ ಬಂದದ್ದು ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ. ಅವರು ಬೆಳಗಾವಿಯಲ್ಲಿ ಸೈನ್ಯ ಸೇರಿ, ಆಫ್ರಿಕಾದ ಮರಳಿನಲ್ಲಿ ಸೆರೆ ಸಿಕ್ಕು, ಇಟಲಿಯ ಕ್ಯಾಂಪಿನಲ್ಲಿ ಕೊಳೆತು, ಅಲ್ಲಿಂದ ತಪ್ಪಿಸಿಕೊಂಡು ಒಂದು ಗುಡ್ಡದ ಊರಿನಲ್ಲಿ ಮುದುಕಿಯೊಬ್ಬಳ ಮನೆಯ ಅಟ್ಟದ ಮೇಲೆ ಒಂದು ಇಡೀ ಚಳಿಗಾಲ ಅಡಗಿದ್ದವರು. ಈಗ ಅಜನಿಯ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್ ಆಗಿ ನಮ್ಮ ಜೊತೆಗೇ ಇದ್ದರು. ಜರ್ಮನರು ಆ ಊರು ಬಿಟ್ಟು ಹೋದ ಮೇಲೆ ನಡೆದ ಮೊದಲ ಫುಟ್‌ಬಾಲ್ ಪಂದ್ಯದಲ್ಲಿ ತಾನೇ ಗೋಲ್‌ಕೀಪರ್, ಕೊನೆಯ ಹೊಡೆತ ತಡೆದು ಊರಿನ ಮಾನ ಉಳಿಸಿದವನು ತಾನೇ ಎಂದು ಹೇಳುತ್ತಿದ್ದರು. ಪಕ್ಕದ ಕಾಮಠಿಗೆ ಫುಟ್‌ಬಾಲ್ ಮ್ಯಾಚು ನೋಡಲು ಹೋಗಿ ಬಂದ ಪ್ರತಿ ಭಾನುವಾರ ಈ ಕಥೆ ಇನ್ನೊಮ್ಮೆ ಆಗಲೇಬೇಕು. ಅಪ್ಪನದು ಒಂದೇ ಉತ್ತರ.

"ಸೆರಿ ಸಿಕ್ಕಾಂವನ್ನ ಕರದು ಯಾರರ ಚೆಂಡಾಟ ಆಡಸ್ತಾರೇನೋ? ಬುರುಡಿ ಬಿಡಬ್ಯಾಡ."

ನಾನೂ ನಗುತ್ತಿದ್ದೆ. ಆಗ ನನಗೆ ಹತ್ತೊಂಬತ್ತು. ಸೀತಾಬರ್ಡಿಯಲ್ಲಿ ಟೈಪಿಂಗ್ ಕಲಿಯುತ್ತಿದ್ದೆ, ನನಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿ ಇರಲೇ ಇಲ್ಲ.

ಪಾದ್ರಿಗಳು ಇಟಲಿಯವರೇ, ಮಿಶನ್ ಶಾಲೆಯೊಂದರಲ್ಲಿದ್ದರು. ಕಾಗದ ಹಿಡಿದು ನಾವೇ ಅಲ್ಲಿಗೆ ಹೋಗಿದ್ದೆವು. ಕಾಗದವನ್ನು ಹಿಂದಿಯಲ್ಲಿ ಹೇಳುತ್ತ ಹೋದರು. ಆ ಊರಿನ ಕ್ಲಬ್ಬಿನವರು ತಮ್ಮ ಇತಿಹಾಸ ಬರೆಯುತ್ತಿದ್ದಾರೆ. ಕುರಿ ಮೇಯುತ್ತಿದ್ದ ಬಯಲಿನಲ್ಲಿ ಒಬ್ಬ ಬಡಿಗ, ಒಬ್ಬ ಶಾಲಾ ಮಾಸ್ತರ ಕೂಡಿ ಕಟ್ಟಿದ ಕ್ಲಬ್ಬು. ಒಮ್ಮೆ ಮೇಲಿನ ಡಿವಿಜನ್ನಿಗೆ ಏರಿತ್ತು, ಮರುವರ್ಷವೇ ಇಳಿಯಿತು, ಆಮೇಲೆ ಇನ್ನೂ ಇಳಿಯಿತು, ಈಗ ಲೋವರ್ ಡಿವಿಜನ್.

ಅಪ್ಪನಿಗೆ ತಡೆಯಲಾಗಲಿಲ್ಲ. "ಒಮ್ಮೆ ಮ್ಯಾಲ ಹಾಕಿದ ಮ್ಯಾಲ ಕೆಳಗ ಹ್ಯಾಂಗ ಇಳಸ್ತಾರ? ಮೆಮೋ ಕೊಟ್ಟಿದ್ರೇನು? ಇವರು ಅಪೀಲಿಗೆ ಹೋಗಲಿಲ್ಲೇನು, ಕೇಳು."

ಕಾಕಾ ಕೇಳಿದರು. ಸೋತವರು ಇಳಿಯಬೇಕು, ಅಷ್ಟೇ ಎಂದರು ಪಾದ್ರಿಗಳು. ಹಾಗಾದರೆ ಆ ಹನ್ನೊಂದು ಮಂದಿ ಆಟಗಾರರೋ ಗುಮಾಸ್ತರೋ ಎಂಬುದು ನಾವು ಮನೆ ಮುಟ್ಟುವ ತನಕ ಬಗೆಹರಿಯಲಿಲ್ಲ.

ಕಾಗದದ ಉಳಿದ ಭಾಗ ಇನ್ನೂ ತೊಡಕಿನದು. ಕ್ಲಬ್ಬಿನವರ ಹತ್ತಿರ ಕಾಕಾ ಹೇಳುತ್ತಿದ್ದ ಆ ಪಂದ್ಯದ ಫೋಟೋ ಇದೆ. ಗೋಲ್‌ಕೀಪರನ ಮುಖದ ತುಂಬ ಕೆಸರು, ಟೋಪಿ ಹುಬ್ಬಿನ ತನಕ. ಅವನು ಯಾರು? ಇಬ್ಬರು ಹಿರಿಯರು ಅವನೊಬ್ಬ ಹಿಂದುಸ್ತಾನಿ ಸಿಪಾಯಿ ಎನ್ನುತ್ತಾರೆ. ಆದರೆ ಮುದುಕಿ, ಅದೇ ಅಟ್ಟದ ಮನೆಯ ಮುದುಕಿ, ಅವನು ನನ್ನ ಮಗ ಎನ್ನುತ್ತಾಳೆ. ಅವಳ ಮಗ ಕ್ಲಬ್ಬಿನ ಗೋಲ್‌ಕೀಪರನಾಗಿದ್ದುದು ನಿಜ. ಆದರೆ ಆ ಪಂದ್ಯಕ್ಕಿಂತ ಮೊದಲೇ ಅವನು ಯುದ್ಧಕ್ಕೆ ಹೋಗಿ ರಷ್ಯಾದ ಹಿಮದಲ್ಲಿ ಕಾಣೆಯಾಗಿದ್ದ. ಕಾಕಾ ಹೊರಡುವಾಗ ಅಲ್ಲಿನ ಚರ್ಚಿನಲ್ಲಿ ಬರೆದಿಟ್ಟು ಬಂದಿದ್ದ ಅಣ್ಣನ ವಿಳಾಸ ಈಗ ಕ್ಲಬ್ಬಿನವರಿಗೆ ಸಿಕ್ಕಿದೆ. ನಿಜ ಏನೆಂದು ಬರೆಯಿರಿ, ಪುಸ್ತಕದಲ್ಲಿ ನಿಮ್ಮ ಹೆಸರು ಹಾಕುತ್ತೇವೆ.

ನನಗೆ ಇಷ್ಟು ವರ್ಷ ನಕ್ಕದ್ದಕ್ಕೆ ನಾಚಿಕೆಯಾಯಿತು, ಜೊತೆಗೆ ಎದೆಯೂ ಹಿಗ್ಗಿತು.

ಎರಡು ದಿನದ ಮೇಲೆ ಕಾಕಾ ನನ್ನ ಟೈಪಿಂಗ್ ಕ್ಲಾಸಿಗೆ ಬಂದು ಮಗ್ಗುಲಲ್ಲಿ ನಿಂತರು. ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೊಡೆಯಬೇಕು, ಪಾದ್ರಿಗಳು ಅದನ್ನು ಇಟಲಿಯ ಭಾಷೆಗೆ ತಿರುಗಿಸಬೇಕು, ಹಾಗೆಂದು ಮಾತಾಗಿತ್ತು.

"ಬರಿ. ಫೋಟೋದಾಗ ಇರಾಂವ ನಾ ಅಲ್ಲ. ನಾ ಅವತ್ತ ಜ್ವರ ಬಂದು ಮಲಗಿದ್ದೆ. ಆಡಿದಾಂವ ಆಕಿ ಮಗ."

ನನ್ನ ಬೆರಳು ನಿಂತವು. "ಏನ ಕಾಕಾ ಇದು? ಇಷ್ಟು ವರ್ಷ ನೀವ ಹೇಳಿದ್ದು ಸುಳ್ಳೇನು?"

"ಸುಳ್ಳಲ್ಲ."

"ಹಂಗಾರ ಇದು ಸುಳ್ಳು."

"ಇದೂ ಸುಳ್ಳಲ್ಲ. ನೀ ಜಲ್ದಿ ಹೊಡಿ."

ನನಗೆ ಸಿಟ್ಟು ನೆತ್ತಿಗೇರಿತು. ಎರಡೂ ಖರೆ ಹೇಗೆ ಆಗುತ್ತದೆ ಎಂದು ಹೇಳುವ ತನಕ ಒಂದಕ್ಷರ ಹೊಡೆಯುವುದಿಲ್ಲ ಎಂದೆ. ಕಾಕಾ ಆಚೀಚೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು.

"ಆಟದ ದಿನ ಆಕಿ ಪೆಟ್ಟಿಗಿ ತಗದು ಮಗನ ಅಂಗಿ ತನ್ನ ಕೈಯಾರೆ ನನಗ ಹಾಕಿದಳು. ಗುಂಡಿ ಹಾಕ್ಕೋತ ಮಗನ ಹೆಸರು ಹಿಡದು ಕರದಳು. ನಾ ಓ ಅಂದೆ. ಒಂದು ಚಳಿಗಾಲ ಆಕಿ ರೊಟ್ಟಿ ತಿಂದಾಂವ, ಅಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ. ಅವತ್ತ ಓ ಅಂದಾಂವ ಇವತ್ತ ಅಲ್ಲ ಅಂದ್ರ, ಆಕಿ ಮಗ ಎರಡನೇ ಸಲ ಸಾಯ್ತಾನ ಯವ್ವಾ. ಅಣ್ಣಗ ಇದನ್ನ ಹೇಳಬ್ಯಾಡ. ಅಂವ ನಾಲ್ಕು ಮಂದಿ ಮುಂದ ಹೇಳಿಬಿಡ್ತಾನ."

ಹೊಡೆದೆ. ನಾಲ್ಕು ಸಾಲಿನಲ್ಲಿ ಆರು ತಪ್ಪು. ಇತಿಹಾಸದಲ್ಲಿ ಸುಳ್ಳು ಸೇರಿಸಿದೆನೋ, ಯಾರದೋ ಮಗನನ್ನು ಉಳಿಸಿದೆನೋ, ಆವತ್ತೂ ನನಗೆ ತಿಳಿಯಲಿಲ್ಲ, ಇವತ್ತೂ ಪೂರ್ತಿ ತಿಳಿದಿಲ್ಲ. ಫೋಟೋದಲ್ಲಿರುವವನು ತಾನಲ್ಲ ಎಂದು ಕಾಕಾ ಬರೆಸಿದ್ದು ಪಾದ್ರಿಗಳ ಬಾಯಿಂದ ಅಪ್ಪನಿಗೆ ಗೊತ್ತಾಯಿತು. "ನಾ ಹೇಳಿಲ್ಲೇನು, ಬರೋಬರ್ ಬುರುಡಿ ಅಂತ!" ಎಂದು ಗೆದ್ದವರ ಹಾಗೆ ನಕ್ಕರು. ಕಾಕಾ ತಲೆ ಎತ್ತದೆ ಉಂಡರು. ಕಾಮಠಿಯ ಮ್ಯಾಚು ಮುಗಿಸಿ ಬಂದರೂ ಅವರು ಮತ್ತೆ ಆ ಕಥೆ ಹೇಳಲಿಲ್ಲ.

ಮರುವರ್ಷ ಪುಸ್ತಕ ಬಂತು. ತೆಳ್ಳಗಿನದು, ಒಂದು ಸಾಲೂ ನಮಗೆ ತಿಳಿಯದ ಭಾಷೆ. ನಡುವೆ ಆ ಫೋಟೋ. ಕಾಕಾ ಶೆಡ್ಡಿನಿಂದ ಬಂದು ಹಿತ್ತಲ ನಳದಲ್ಲಿ ಮುಖ ತೊಳೆಯುತ್ತಿದ್ದರು. ಅಪ್ಪ ಚಸ್ಮಾ ಏರಿಸಿ, ಫೋಟೋದ ಕೆಳಗಿನ ಹೆಸರುಗಳನ್ನು ಅಕ್ಷರ ಕೂಡಿಸಿಕೊಂಡು, ಆಫೀಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ ಓದತೊಡಗಿದರು. ಮೊದಲನೆಯದೇ ಗೋಲ್‌ಕೀಪರನ ಹೆಸರು, ಮುದುಕಿಯ ಮಗನದು.

"ಓ," ಎಂದರು ಕಾಕಾ ಹಿತ್ತಲಿನಿಂದ.

ಅಪ್ಪ ಫೋಟೋ ನೋಡಿದರು, ಹಿತ್ತಲ ಬಾಗಿಲು ನೋಡಿದರು, ಚಸ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡು ಮತ್ತೆ ಫೋಟೋ ನೋಡಿದರು. ಒದ್ದೆ ಮುಖದಲ್ಲೇ ಕಾಕಾ ಒಳಗೆ ಬಂದರು.

"ಯಾರು ಕರದ್ರು ಅಣ್ಣಾ?"

ಅಪ್ಪ ಪುಸ್ತಕ ಮುಚ್ಚಲಿಲ್ಲ. ತಮ್ಮನಿಗೆ ಪಕ್ಕದಲ್ಲಿ ಜಾಗ ಬಿಟ್ಟು ಸರಿದು ಕೂತರು.

"ನಾನ ಕರದೆ. ಬಾ, ಕೂಡು. ಆ ಕೊನೀ ಹೊಡತ ಹ್ಯಾಂಗ ತಡದಿ, ಇನ್ನೊಮ್ಮೆ ಹೇಳು."