ಲೂಕಿಸ್ಕೋಸ್ ಹೊಲದಲ್ಲಿ ಬಿಟ್ಟುಬಂದ ಗುರಾಣಿ

ಗುರಾಣಿ ಎಡಗೈಯಲ್ಲಿರುತ್ತದೆ. ಅದರ ಅರ್ಧ ಕಾಯುವುದು ಹೊತ್ತವನನ್ನು. ಇನ್ನರ್ಧ ಕಾಯುವುದು ಅವನ ಎಡಕ್ಕೆ ನಿಂತವನನ್ನು. ಯುದ್ಧದ ಸಾಲಿನಲ್ಲಿ ನಿಂತ ಯಾವ ಗಂಡಸಿಗೂ ಇದನ್ನು ಹೇಳಿಕೊಡಬೇಕಿಲ್ಲ. ಆದರೂ ಬಿಯೋಷಿಯಾ ಸೀಮೆಯ ನಮ್ಮ ಈ ಊರಿನಲ್ಲಿ ಇದನ್ನು ಮರೆಯುವುದು ದೊಡ್ಡ ಮನುಷ್ಯರ ಲಕ್ಷಣ.

ಚರ್ಮ ಹದ ಮಾಡುವ ಲೂಕಿಸ್ಕೋಸ್ ಹನ್ನೆರಡು ವರ್ಷ ಮುಂದಿನ ಸಾಲಿನಲ್ಲಿ ನಿಂತವನು. ಊರೊಳಗೆ ಅವನ ಪಕ್ಕ ಯಾರೂ ಕೂರುವುದಿಲ್ಲ, ವಾಸನೆಯಂತೆ. ಯುದ್ಧ ಬಂದಾಗ ಮಾತ್ರ ಅವನ ಎಡಗಡೆಯ ಜಾಗಕ್ಕೆ ನೂಕುನುಗ್ಗಲು. ಆಳು ಅಗಲ, ಹಿಡಿದ ಗುರಾಣಿ ಅಲುಗದು. ಕಳೆದ ಬೇಸಿಗೆಯಲ್ಲಿ ಆ ಜಾಗ ಗಿಟ್ಟಿಸಿದವನು ಹೆರ್ಮಿಪ್ಪೋಸ್, ದೊಡ್ಡ ಆಲಿವ್ ತೋಟದ ಒಡೆಯ. ಯುದ್ಧವೂ ಅವನದೇ ಅನ್ನಿ. ಪಕ್ಕದೂರಿನವರು ಅವನ ಗಡಿಕಲ್ಲು ಸರಿಸಿದ್ದರು.

ಕೊಳಲು ಮೊಳಗಿತು, ಹೊರಟೆವು. ಎಂದಿನಂತೆ ಒಬ್ಬೊಬ್ಬನೂ ಬಲಗಡೆಯವನ ಗುರಾಣಿಯ ಮರೆಗೆ ಒತ್ತಿ ಒತ್ತಿ ಇಡೀ ಸಾಲೇ ಬಲಕ್ಕೆ ಜಾರತೊಡಗಿತು. ಲೂಕಿಸ್ಕೋಸನ ಬೆನ್ನಿಗೇ ನಿಂತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

“ಲೂಕಿಸ್ಕೋಸಣ್ಣಾ, ಇನ್ನೊಂಚೂರು ಈ ಕಡೆ ಹಿಡಿಯೋ!”

ಅಣ್ಣ! ಊರಲ್ಲಿ ‘ಏಯ್ ಗಬ್ಬುನಾತ’ ಅನ್ನುವ ಹೆರ್ಮಿಪ್ಪೋಸನ ಬಾಯಿ ಅದು.

“ಇನ್ನೂ ಹತ್ರ ಬಂದ್ರೆ ನನ್ನ ಕವಚದೊಳಗೇ ಬರ್ಬೇಕು ಧಣಿ. ವಾಸನೆ ತಡ್ಕೋತೀರಾ?”

“ತಡ್ಕೋತೀನಪ್ಪಾ, ತಡ್ಕೋತೀನಿ!”

ಎರಡೂ ಕಡೆಯ ಸಾಲುಗಳು ಡಿಕ್ಕಿ ಹೊಡೆದವು. ಗುರಾಣಿಯ ಕೆಳಗಿನಿಂದ ನುಗ್ಗಿದ ಈಟಿ ಹೆರ್ಮಿಪ್ಪೋಸನ ತೊಡೆ ಸೀಳಿತು. ಸಾಲು ಮುರಿಯಿತು. ನಾವು ಓಡಿದೆವು. ಬೇಲಿ ಹಾರುವಾಗ ತಿರುಗಿ ನೋಡಿದೆ. ಬಿದ್ದವನನ್ನು ಬೆನ್ನಿಗೇರಿಸಲು ಎರಡೂ ಕೈ ಬೇಕು. ಲೂಕಿಸ್ಕೋಸ್ ತನ್ನ ಗುರಾಣಿಯನ್ನು ಬಾರ್ಲಿ ಹೊಲದಲ್ಲೇ ಬಿಟ್ಟ. ಹೆರ್ಮಿಪ್ಪೋಸನ ಗುರಾಣಿ ಮಾತ್ರ ಅವನ ತೋಳಿನಲ್ಲೇ ಇತ್ತು. ಲೂಕಿಸ್ಕೋಸನ ಬೆನ್ನೇರಿ, ಅದರಿಂದ ತನ್ನ ಬೆನ್ನು ಮುಚ್ಚಿಕೊಂಡು, ಮಹಾಶಯ ಊರು ಸೇರಿದ.

ಗುರಾಣಿಯಿಲ್ಲದೆ ಮರಳಿದವನಿಗೆ ಸಭೆಯಲ್ಲಿ ಮಾತಿಲ್ಲ, ಸಾಲಿನಲ್ಲಿ ಜಾಗವಿಲ್ಲ ಎಂಬ ಕಾನೂನು ನಮ್ಮಲ್ಲಿದೆ. ಎಂಟು ತಿಂಗಳು ಅದು ಯಾರಿಗೂ ನೆನಪಾಗಲಿಲ್ಲ. ಹೋದ ವಾರ ಹೆರ್ಮಿಪ್ಪೋಸ್ ಅದೇ ಗಡಿಕಲ್ಲಿಗಾಗಿ ಇನ್ನೊಂದು ಯುದ್ಧ ಕೇಳಿದ. ಲೂಕಿಸ್ಕೋಸ್ ಎದ್ದು ನಿಂತ. “ಕಲ್ಲು ನಿಮ್ದು ಧಣಿ, ತೊಡೆ ಎಲ್ಲರ್ದೂ. ನಾನಂತೂ ಬೇಡ ಅಂತೀನಿ.”

ಆಗ ಹೆರ್ಮಿಪ್ಪೋಸನಿಗೆ ಕಾನೂನು ನೆನಪಾಯಿತು.

“ಗುರಾಣಿ ಎಸೆದು ಬಂದವನು ನೀನು. ನಿಂಗೇನೋ ಮಾತು?”

“ನಿಮ್ಮನ್ನ ಹೊತ್ಕೊಂಡು ಬಂದೆನಲ್ಲ ಧಣಿ!”

“ಹೊತ್ತಿಲ್ಲ ಅಂತ ಯಾರಂದ್ರು? ಕಾನೂನು ಕೇಳೋದು ಗುರಾಣಿ ಎಲ್ಲಿ ಅಂತ. ನಂದು ಬೇಕಾದ್ರೆ ಬಂದು ನೋಡು, ಗೋಡೆ ಮೇಲಿದೆ.”

ಸಭೆ ತಲೆದೂಗಿತು. ಗುರಾಣಿ ಹಿಡಿದುಕೊಂಡೇ ಓಡಿಬಂದ ವೀರರು ನಾವು, ತಲೆದೂಗದೆ ಇನ್ನೇನು ಮಾಡುತ್ತೇವೆ? ನಾನೂ ತಲೆದೂಗಿದೆ. ಅದಕ್ಕೇ ಊರವರೇ, ಈಗ ನಿಮಗೆ ಬರೆಯುತ್ತಿದ್ದೇನೆ.

ಆ ಕಾನೂನು ಅವನಿಗೆ ಸಲ್ಲುತ್ತದೋ ಇಲ್ಲವೋ, ನಾಳೆ ಬೆಳಿಗ್ಗೆ ಗಡಿಗೆಗೆ ಮತದ ಹರಳು ಹಾಕಿ ತೀರ್ಮಾನ. ಲೂಕಿಸ್ಕೋಸ್ ಸೋತರೆ ಅವನ ಮಾತು ಹೋಗುತ್ತದೆ, ಯುದ್ಧ ಬರುತ್ತದೆ, ಮುಂದಿನ ಸಾಲಿನಲ್ಲಿ ಒಂದು ಜಾಗ ಖಾಲಿ ಬೀಳುತ್ತದೆ. ಆ ಖಾಲಿ ಜಾಗದ ಎಡಕ್ಕೆ ಯಾರು ನಿಲ್ಲುತ್ತೀರಿ? ಹೆರ್ಮಿಪ್ಪೋಸ್ ನಿಲ್ಲುವುದಿಲ್ಲ, ತೊಡೆ ಇನ್ನೂ ನೋಯುತ್ತದಂತೆ. ಹರಳು ಕೈಗೆ ಬಂದಾಗ, ಕಳೆದ ಬೇಸಿಗೆಯಲ್ಲಿ ನಿಮ್ಮ ಬಲಕ್ಕೆ ನಿಂತು ಗುರಾಣಿಯ ಅರ್ಧದಿಂದ ನಿಮ್ಮನ್ನು ಕಾಯ್ದವನ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿ. ಆಮೇಲೆ ಹಾಕಿ.