ನರ್ಸಮ್ಮ ಮೊಪೆಡ್ಡಿಗೆ ಜಾಗ ಕೇಳಿದ್ದು

ಮೊನ್ನೆ ರಕ್ತಪರೀಕ್ಷೆಗೆಂದು ಮನೆಗೆ ಬಂದ ಹುಡುಗಿಯ ಕೈಯಿಂದ ಪೆಟ್ರೋಲು, ಸ್ಪಿರಿಟ್ಟು ಎರಡೂ ಬೆರೆತ ವಾಸನೆ ಬಂತು. ಸೂಜಿ ಚುಚ್ಚಿದ್ದೇ ನನಗೆ ಗೊತ್ತಾಗಲಿಲ್ಲ. ಪಕ್ಕದ ಮನೆಯ ನರ್ಸಮ್ಮ ನೆನಪಾಗಿದ್ದರು...

ಎಂಬತ್ತರ ದಶಕದ ಶುರುವಿನಲ್ಲಿ ಅವರು ತುಮಕೂರಿನ ನಮ್ಮ ಕಾಲೋನಿಗೆ ಬಾಡಿಗೆಗೆ ಬಂದರು. ಒಂಟಿ ಹೆಂಗಸು. ಊರ್ಡಿಗೆರೆ ಕಡೆಯ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಮೊಪೆಡ್ಡಿನಲ್ಲಿ ಹೋಗುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವರು ಪೆಡಲು ತುಳಿಯುವುದನ್ನು ನೋಡಲೆಂದೇ ಜನ ಗೇಟಿಗೆ ಬರುತ್ತಿದ್ದರು. ಮನೆಯಲ್ಲಿ ಜಾಗವಿಲ್ಲದೆ ಗಾಡಿ ಬೀದಿಯಲ್ಲೇ ನಿಲ್ಲುತ್ತಿತ್ತು. ಎಷ್ಟೋ ಬೆಳಿಗ್ಗೆ ಯಾರೋ ಟೈರಿನ ಗಾಳಿ ಬಿಟ್ಟಿರುತ್ತಿದ್ದರು. ಅವರು ಬೈಯುತ್ತಿರಲಿಲ್ಲ. ಪಂಪು ತಂದು ಗಾಳಿ ಹೊಡೆದು ಹೊರಡುತ್ತಿದ್ದರು.

ಅದೇ ಸಮಯಕ್ಕೆ ಕಾಲೋನಿಯ ಹಿಂದೆ ಹೊಸ ಮನೆಗಳನ್ನು ಕಟ್ಟುವ ಯೋಜನೆ ಬಂತು. ನಕ್ಷೆಯಲ್ಲಿ ನಮ್ಮ ಕಾಲೋನಿಯ ವಾಹನಗಳಿಗೂ ಸೇರಿಸಿ ಒಂದು ಮೂಲೆ ಬಿಟ್ಟಿದ್ದರು. ಕಾರೇ ಇಲ್ಲದ ಕಾಲೋನಿಗೆ ಅದೇಕೆ, ಅಲ್ಲೂ ಮನೆ ಕಟ್ಟಲಿ ಎಂದು ನಮ್ಮವರೆಲ್ಲ ಅರ್ಜಿಗೆ ಸಹಿ ಹಾಕಿದರು. ಅಮ್ಮನೂ ಹಾಕಿದ್ದಳು, ಗುಬ್ಬಿಯಲ್ಲಿದ್ದ ಅವಳ ತಮ್ಮನಿಗೆ ಒಂದು ಮನೆ ಸಿಗಬಹುದೆಂಬ ಆಸೆ. ಯೋಜನಾ ಮಂಡಳಿ ಜನರ ಮಾತು ಕೇಳಲು ಸಭೆ ಕರೆದಾಗ, ಕಾಲೇಜಿನಲ್ಲಿದ್ದ ನನ್ನನ್ನು ನರ್ಸಮ್ಮ ಜೊತೆಗೆ ಕರೆದರು.

ಸಭೆಯಲ್ಲಿದ್ದ ಹೆಂಗಸರು ನಾವಿಬ್ಬರೇ. "ನಿಮ್ ಯಜಮಾನ್ರು ಬರ್ಲಿಲ್ವಾ?" ಎಂದರು ಅಧ್ಯಕ್ಷರು.

"ಯಜಮಾನ್ರು ಇಲ್ಲ ಸಾರ್. ಗಾಡಿ ಇದೆ. ಅದರ ವಿಷ್ಯ ಮಾತಾಡಕ್ಕೆ ಬಂದಿದೀನಿ."

ಕೆಲವರು ನಕ್ಕರು. ನಗು ನಿಲ್ಲುವವರೆಗೆ ನರ್ಸಮ್ಮ ಕಾದರು. "ನೋವು ತಿನ್ನೋರು, ನಾನು ಗಾಳಿ ಹೊಡ್ಕೊಂಡು ಬರೋ ತನಕ ಕಾಯಕ್ಕಾಗಲ್ಲ ಸಾರ್. ಒಂದ್ ಗಾಡಿ ನಿಲ್ಲೋಷ್ಟು ಬಿಡಿ, ಸಾಕು."

ಹೊರಗೆ ಬಂದವರೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ನೀರು ತಂದುಕೊಟ್ಟೆ. ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದರು.

ಮಂಡಳಿ ಆ ಮೂಲೆಯನ್ನು ಉಳಿಸಿತು. ಅಲ್ಲೊಂದು ಶೆಡ್ಡು ಕಟ್ಟಿಸಿತು, ಆದರೆ ಅದರಲ್ಲಿ ಮನೆ ಮಾಲೀಕರಿಗೆ ಮಾತ್ರ ಪಾಲು ಎಂಬ ಷರತ್ತು ಹಾಕಿತು. ನರ್ಸಮ್ಮನ ಮನೆಯ ಮಾಲೀಕರು ತಮ್ಮ ಪಾಲು ಬಿಟ್ಟುಕೊಡದೆ, ತಮಗೇಕೆ ಈ ಉಸಾಬರಿ ಎಂದು ಜಾರಿಕೊಂಡರು. ಹೊಸ ಶೆಡ್ಡು ಖಾಲಿ, ಮೊಪೆಡ್ಡು ಮತ್ತೆ ಬೀದಿಯಲ್ಲಿ...

ತಮ್ಮನಿಗೆ ಮನೆ ತಪ್ಪಿದ ಸಿಟ್ಟಿಗೆ ಅಮ್ಮ ಅವರೊಡನೆ ಮಾತು ಬಿಟ್ಟಿದ್ದಳು. ಒಂದು ಬೆಳಿಗ್ಗೆ ನರ್ಸಮ್ಮ ಬಿಸಿಲಲ್ಲಿ ಬೆವರುತ್ತಾ ಪಂಪು ಒತ್ತುತ್ತಿದ್ದುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪೊರಕೆ ಹಿಡಿದು ಹೋಗಿ, ಸ್ವಂತ ಮನೆಯಿದ್ದ ನಮ್ಮ ಪಾಲಿಗೆ ಶೆಡ್ಡಿನಲ್ಲಿ ಬಂದಿದ್ದ ಜಾಗ ಗುಡಿಸಿದಳು.

"ನಮ್ಮತ್ರ ಸೈಕಲ್ಲೂ ಇಲ್ಲ. ಇಲ್ಲೇ ನಿಲ್ಸು ಕಣಮ್ಮ. ಯಾರಾನ ಕೇಳಿದ್ರೆ ನನ್ ಗಾಡಿ ಅಂತೀನಿ ಬುಡು."

ಯಾರೂ ಕೇಳಲಿಲ್ಲ. ಕೆಲವು ವರ್ಷಗಳ ಮೇಲೆ ನರ್ಸಮ್ಮನಿಗೆ ಕುಣಿಗಲ್ಲಿಗೆ ವರ್ಗವಾಯಿತು. ಹೊರಡುವ ದಿನ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಕಾಲೋನಿ ಪೂರ್ತಿ ಒಂದು ಸುತ್ತು ಹಾಕಿದರು. ಅಮ್ಮ ಕಣ್ಣು ಬಿಡಲೇ ಇಲ್ಲ.

ಈಗ ಆ ಮೂಲೆಯಲ್ಲಿ ಕಾರುಗಳು ಒತ್ತೊತ್ತಾಗಿ ನಿಲ್ಲುತ್ತವೆ. ಅಮ್ಮ ಹೋಗಿ ಬಹಳ ಕಾಲವಾಯಿತು. ಹೋದ ವರ್ಷ ಮದುವೆಗೆಂದು ಕುಣಿಗಲ್ಲಿಗೆ ಹೋದಾಗ ಆಸ್ಪತ್ರೆಯ ಹತ್ತಿರ ನರ್ಸಮ್ಮನನ್ನು ವಿಚಾರಿಸಿದೆ.

"ಅವ್ರಾ? ತೀರ್ಕೊಂಡ್ರು ಕಣಮ್ಮ, ಆಗ್ಲೇ ಎಷ್ಟೋ ವರ್ಷ ಆಯ್ತು," ಎಂದರು ಅಲ್ಲಿದ್ದ ಹಳಬರೊಬ್ಬರು. ನನ್ನ ಮುಖ ನೋಡಿ, "ನಿಮ್ಗೇನಾಗ್ಬೇಕಿತ್ತು ಅವ್ರು?" ಎಂದು ಕೇಳಿದರು.

ಪಕ್ಕದ ಮನೆಯವರು ಎಂದೆ. ಬೇರೆ ಹೇಗೆ ಹೇಳಬೇಕೋ ತಿಳಿಯಲಿಲ್ಲ.